ದೇವರು ಆದುಕೊಂಡದ್ದು ಯಾಕಾಗಿ?

ತಂಗೀ,

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಮೊಬೈಲಿನಲ್ಲಿ ಪರೀಕ್ಷೆಯ ಪಟ್ಟಿ ತೋರಿಸಿದೆ. ಹಿಂದಿನ ನಂಬರೂ ಇತ್ತು, ಮುಂದಿನದೂ ಇತ್ತು, ನಿನ್ನದು ಇರಲಿಲ್ಲ. ಎರಡು ವರ್ಷ ಮುಖರ್ಜಿ ನಗರದ ಕೋಣೆಯಲ್ಲಿ ಕೂತು ಓದಿದವಳು ನೀನು. ‘ಅಜ್ಜಾ, ದೇವರೂ ಹೀಗೇ ಪಟ್ಟಿ ಮಾಡಿ ಇಟ್ಟಾನೇನು?’ ಎಂದು ಕೇಳಿದೆ. ಗೇಟಿನ ಬಳಿ ನಿಂತು ಉತ್ತರಿಸುವ ಪ್ರಶ್ನೆ ಅದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೇವರು ಕೆಲವರನ್ನು ರಕ್ಷಣೆಗೆ, ಕೆಲವರನ್ನು ನಾಶಕ್ಕೆ ಮೊದಲೇ ನೇಮಿಸಿದ್ದಾನೆಂದು 16ನೆಯ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ಕ್ಯಾಲ್ವಿನ್ ಬರೆದರು. ಅರ್ಮಿನಿಯಸ್ಸನ ಕಡೆಯವರು ಒಪ್ಪಲಿಲ್ಲ. 1618-19ರ ಡಾರ್ಟ್ ಧರ್ಮಸಭೆ ಅರ್ಮಿನಿಯಸ್ಸನ ಕಡೆಯವರ ಮಾತನ್ನು ತಳ್ಳಿಹಾಕಿತು. ಕಳೆದ ಶತಮಾನದಲ್ಲಿ ಕಾರ್ಲ್ ಬಾರ್ತ್, ಆರಿಸಲ್ಪಟ್ಟ ಮೊದಲಿಗ ಕ್ರಿಸ್ತನೇ, ನಮ್ಮ ಆಯ್ಕೆಯನ್ನು ಆತನಲ್ಲೇ ನೋಡಬೇಕು ಎಂದರು. ಇವನ್ನೆಲ್ಲ ಓದು. ಆದರೆ ಮೊದಲು ವೇದಪುಸ್ತಕ ತೆರೆ. ಅಬ್ರಹಾಮನನ್ನು ಕರೆದದ್ದು ಭೂಮಿಯ ಎಲ್ಲ ಕುಲಗಳಿಗೆ ಆಶೀರ್ವಾದ ತಲುಪಲೆಂದು. ಇಸ್ರಾಯೇಲರನ್ನು ಆರಿಸಿದ್ದು ಅವರು ಹೆಚ್ಚು ಜನರೆಂದಲ್ಲ, ಅವರು ಎಲ್ಲರಿಗಿಂತ ಸಣ್ಣ ಜನಾಂಗ. ಆರಿಸಿಕೊಂಡವರಿಂದಲೇ ಲೆಕ್ಕ ಕೇಳುತ್ತೇನೆಂದು ದೇವರು ಪ್ರವಾದಿ ಆಮೋಸನ ಬಾಯಲ್ಲಿ ಹೇಳಿಸಿದ.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ‘ದೇವರು ಆದುಕೊಂಡವರು’, ಅಂದರೆ ಆಯ್ದುಕೊಂಡವರು, ಎಂಬ ಮಾತಿದೆ. ಅದನ್ನು ಕೇಳಿದಾಗಲೆಲ್ಲ ಬೆಟಗೇರಿಯ ನನ್ನ ಅಜ್ಜಿ ನೆನಪಾಗುತ್ತಾಳೆ. ಸುಗ್ಗಿಯಲ್ಲಿ ಆಕೆ ಜೋಳದ ತೆನೆಗಳನ್ನು ಬಿತ್ತನೆಗೆಂದು ಆಯ್ದು ಬೇರೆ ಇಡುತ್ತಿದ್ದಳು. ಆ ಕಾಳು ಯಾರ ತಾಟಿಗೂ ಬರುತ್ತಿರಲಿಲ್ಲ. ಮಣ್ಣಿಗೆ ಹೋಗುತ್ತಿತ್ತು, ಮುಂದಿನ ವರ್ಷ ಮನೆಮಂದಿ, ಆಳುಕಾಳು, ದನಕರು ಎಲ್ಲ ಉಣ್ಣಲೆಂದು. ಅಜ್ಜಿ ಒಳ್ಳೆಯ ತೆನೆ ನೋಡಿ ಆಯುತ್ತಿದ್ದಳು. ದೇವರು ಅದನ್ನೂ ನೋಡುವುದಿಲ್ಲ, ಅದಕ್ಕೇ ಅದು ಕೃಪೆ.

ಆಯ್ಕೆ ಇತರರಿಗಾಗಿ ಎಂಬುದನ್ನು ಬಾಳಿ ತೋರಿಸಿದವರು ಈ ದೆಹಲಿಯಲ್ಲೇ ಇದ್ದರು. ಇಂಗ್ಲಿಷ್ ಪಾದ್ರಿ ಸಿ. ಎಫ್. ಆಂಡ್ರೂಸ್ 1904ರಲ್ಲಿ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಕಲಿಸಲು ಬಂದರು. 1906ರಲ್ಲಿ ಪ್ರಿನ್ಸಿಪಾಲರ ಕುರ್ಚಿ ತೆರವಾಯಿತು. ಅದು ಮಿಷನ್ ಕಾಲೇಜು, ಆ ಕುರ್ಚಿ ಇಂಗ್ಲಿಷರದೇ ಎಂಬ ಕಾಲ. ಆಂಡ್ರೂಸ್ ತಾವು ಕೂರಲಿಲ್ಲ. ತಮಗಿಂತ ಹಿರಿಯರಾಗಿ ದುಡಿದಿದ್ದ ಸುಶೀಲ್ ಕುಮಾರ್ ರುದ್ರರೇ ಆಗಬೇಕೆಂದು ಪಟ್ಟುಹಿಡಿದರು. ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಅವರೂ ಆ ಹುದ್ದೆಯನ್ನು ತಮಗೇ ಇಟ್ಟುಕೊಳ್ಳಲಿಲ್ಲ. ಅವರ ಮನೆಯ ಬಾಗಿಲು ಗಾಂಧೀಜಿಗೆ ತೆರೆದಿತ್ತು. ಖಿಲಾಫತ್ ಬಗ್ಗೆ ಗಾಂಧೀಜಿ ವೈಸ್‌ರಾಯ್‌ಗೆ ಬರೆದ ಬಹಿರಂಗ ಪತ್ರದ ಕರಡು ಸಿದ್ಧವಾದದ್ದು ಆ ಸೂರಿನಡಿಯಲ್ಲಿ. ಆಂಡ್ರೂಸ್ ಮುಂದೆ ಫಿಜಿಯ ಕಬ್ಬಿನ ತೋಟಗಳ ಕರಾರು ಕೂಲಿಗಳ ದನಿಯಾದರು, ದೀನಬಂಧು ಎನಿಸಿಕೊಂಡರು.

ಆದ್ದರಿಂದ ಎರಡು ಮಾತು ನೆನಪಿಡು. ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ದೇವರು ಕೈಬಿಟ್ಟನೆಂದು ಓದಬೇಡ. ನಾಳೆ ಹೆಸರು ಬಂದರೆ, ಬಾರದವರಿಗಿಂತ ನೀನು ದೊಡ್ಡವಳೆಂದೂ ಓದಬೇಡ. ದೇವರು ಯಾರನ್ನು ಬಿಟ್ಟಿದ್ದಾನೆಂದು ಪಟ್ಟಿ ಬರೆಯುವ ಅಧಿಕಾರ ನಮಗ್ಯಾರಿಗೂ ಇಲ್ಲ.

ಕಾಶ್ಮೀರಿ ಗೇಟ್‌ನಲ್ಲಿ ಆ ಹಳೆಯ ಕಾಲೇಜು ಕಟ್ಟಡ ಇನ್ನೂ ಇದೆ. ಈ ಶನಿವಾರ ಮೆಟ್ರೋ ಹತ್ತಿ ಬಾ, ನಾನೂ ಬರುತ್ತೇನೆ. ನಿನ್ನ ಹಾಗೇ ಹೆಸರು ಕಾಣದೆ ಕೋಣೆಯಲ್ಲಿ ಒಬ್ಬಳೇ ಕೂತಿರುವ ಆ ಗೆಳತಿಯನ್ನೂ ಕರೆದುಕೊಂಡು ಬಾ. ನಿನ್ನ ಕರೆ ಅಲ್ಲಿಂದಲೇ ಶುರುವಾಗಲಿ.