ಟೋಟಲ್ ಲಾಸ್ ಗಾಡಿ: ಅಗ್ಗ ಯಾಕೆಂದು ತಿಳಿದ ಮೇಲೆಯೇ ಅಡ್ವಾನ್ಸ್

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೇ ಸುತ್ತಲ ಹಳ್ಳಿಗಳಲ್ಲಿ ಕಾರಿನ ಮಾತು ಶುರುವಾಗುತ್ತದೆ. ಹಾವೇರಿ, ರಾಣೆಬೆನ್ನೂರಿನ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಮೋಟೆಬೆನ್ನೂರಿಗಂತೂ ಬೆಂಗಳೂರಿನ ಗಾಡಿಯೂ ಪುಣೆಯ ಗಾಡಿಯೂ ಸಲೀಸಾಗಿ ಬರುತ್ತವೆ. ಐದು ಲಕ್ಷ ಬಾಳುವ ಕಾರನ್ನು ಎರಡೂವರೆಗೆ ಕೊಡಿಸುತ್ತೇನೆ ಎಂದು ಬ್ರೋಕರ್ ಹೇಳಿದರೆ, ಕೊನೆಗೆ ಒಂದು ಮಾತು ಮೆಲ್ಲಗೆ ಸೇರಿಕೊಳ್ಳುತ್ತದೆ: ‘ಸ್ವಲ್ಪ ಟಿಎಲ್ ಆಗಿತ್ತು, ಈಗ ಎಲ್ಲಾ ರೆಡಿ ಐತಿ.’

ಟಿಎಲ್ ಎಂದರೆ ಟೋಟಲ್ ಲಾಸ್. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ‘ಸಾಲ್ವೇಜ್’ ಎಂದು ಅಚ್ಚು ಬೀಳುತ್ತದೆ. ಬ್ರಿಟನ್ನಿನಲ್ಲಿ 2017ರಿಂದ ಚೌಕಟ್ಟಿಗೇ ಪೆಟ್ಟಾದ ಗಾಡಿಗೆ ‘ಎಸ್’, ಆಗದ ಗಾಡಿಗೆ ‘ಎನ್’ ಎಂಬ ಗುರುತಿದೆ. ನಮ್ಮ ಆರ್‌ಸಿಯಲ್ಲಿ ಅಂಥ ಗುರುತೇನೂ ಇಲ್ಲ. ಕೊಲ್ಹಾಪುರದ ಪಂಚಗಂಗಾ ನದಿಯ ನೆರೆಯಲ್ಲಿ ಮೂರು ದಿನ ಮುಳುಗಿದ್ದ ಕಾರಿನ ಆರ್‌ಸಿಯೂ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಕಾರಿನ ಆರ್‌ಸಿಯೂ ನೋಡಲು ಒಂದೇ. ಆದ್ದರಿಂದ ಆ ಎಸ್, ಎನ್ ಗುರುತನ್ನು ಕೊಳ್ಳುವವನೇ ಹಾಕಿಕೊಳ್ಳಬೇಕು.

ಮೊದಲು, ಟಿಎಲ್ ಆದದ್ದು ಯಾಕೆ?

ರಿಪೇರಿಯ ಖರ್ಚು ಗಾಡಿಯ ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಾದ ಮೌಲ್ಯದ ಶೇ 75ನ್ನು ದಾಟಿದರೆ ವಿಮಾ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತದೆ. ಅಂದರೆ ಇದು ದುಡ್ಡಿನ ಲೆಕ್ಕ, ಮೆಕ್ಯಾನಿಕ್ ಕೊಟ್ಟ ತೀರ್ಪಲ್ಲ. ಎಂಟು ವರ್ಷದ ಹಳೆಯ ಕಾರಿನ ಐಡಿವಿ ಎರಡು ಲಕ್ಷವಿದೆ ಎನ್ನಿ. ಶೋರೂಮಿನ ಎಸ್ಟಿಮೇಟ್ ಒಂದೂವರೆ ಲಕ್ಷ ದಾಟಿದರೆ ಸಾಕು, ಗಾಡಿ ಟಿಎಲ್. ಕಂಪನಿ ದರದಲ್ಲಿ ಬಾನೆಟ್, ಎರಡು ಬಾಗಿಲು, ಹೆಡ್‌ಲೈಟು, ರೇಡಿಯೇಟರ್, ಪೇಂಟು, ಕೂಲಿ ಸೇರಿದರೆ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ. ಇಂಥ ಗಾಡಿಯ ಎಂಜಿನ್, ಚಾಸಿ ಗಟ್ಟಿಯಾಗಿಯೇ ಇರಬಹುದು. ಅದೇ ಎರಡು ವರ್ಷದ, ಒಂಬತ್ತು ಲಕ್ಷ ಐಡಿವಿಯ ಕಾರು ಟಿಎಲ್ ಆಗಬೇಕಾದರೆ ಆರೂಮುಕ್ಕಾಲು ಲಕ್ಷದ ಹಾನಿ ಆಗಿರಬೇಕು. ಅದು ಬಂಪರ್ ಬದಲಿಸಿ ಮುಗಿಯುವ ಕೆಲಸವಲ್ಲ. ಹೊಸ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರೇ ಹೆಚ್ಚು. ನನ್ನ ಕೇಳಿದರೆ ಹೆದರಬೇಕಾದ್ದು ಅಲ್ಲೇ.

ಹಾಗಾಗಿ ಮಾರುವವನಿಂದ ಮೂರು ಕಾಗದ ಕೇಳಿ: ಸರ್ವೇಯರ್ ವರದಿ, ಶೋರೂಮಿನ ಎಸ್ಟಿಮೇಟ್, ಅಪಘಾತವಾದಾಗ ತೆಗೆದ ಫೋಟೊಗಳು. ಕ್ಲೇಮು ಇತ್ಯರ್ಥವಾದ ಗಾಡಿಗೆ ಇವೆಲ್ಲ ಎಲ್ಲೋ ಇದ್ದೇ ಇರುತ್ತವೆ. ‘ಕಳೆದು ಹೋಗ್ಯಾವ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಟಿಎಲ್ ಆದದ್ದನ್ನೇ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಬಂದರೆ ಹಿಂದಿನ ಎರಡು ವರ್ಷದ ಪಾಲಿಸಿ ತರಿಸಿ ನೋ ಕ್ಲೇಮ್ ಬೋನಸ್ ನೋಡಿ. ಕ್ಲೇಮು ಮಾಡದ ಮಾಲೀಕನಿಗೆ ಅದು 20, 25, 35, 45, 50 ಎಂದು ಶೇಕಡಾವಾರು ಏರುತ್ತಾ ಹೋಗುತ್ತದೆ. 35 ಇದ್ದದ್ದು ಮರುವರ್ಷ ಸೊನ್ನೆಯಾಗಿದ್ದರೆ ನಡುವೆ ಏನೋ ನಡೆದಿದೆ. ಬೋನಸ್ ಗಾಡಿಯದ್ದಲ್ಲ, ಮಾಲೀಕನದ್ದು. ಮಾಲೀಕ ಬದಲಾಗಿದ್ದರೂ ಸೊನ್ನೆಯಾಗುತ್ತದೆ ಎಂಬುದೂ ನೆನಪಿರಲಿ. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಹಾಕಿಸಿ ಹಳೆಯ ಜಾಬ್ ಕಾರ್ಡುಗಳನ್ನೂ ಕೇಳಬಹುದು.

ಕಾಗದ ಸರಿಯಿಲ್ಲದಿದ್ದರೆ ಬಾನೆಟ್ ಎತ್ತಬೇಡಿ

ಗಾಡಿ ಪೂರ್ತಿ ನಾಶವಾಗಿದ್ದರೆ ಅಥವಾ ಮತ್ತೆಂದೂ ಓಡದ ಸ್ಥಿತಿಗೆ ಬಂದಿದ್ದರೆ, ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾಲೀಕ ಅದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು, ನೋಂದಣಿ ರದ್ದಾಗುತ್ತದೆ. ಹಾಗೆ ರದ್ದಾದ ಗಾಡಿ ಎಷ್ಟೇ ಚೆಂದ ಕಂಡರೂ ನೀವು ಕೊಳ್ಳುತ್ತಿರುವುದು ಬಿಡಿಭಾಗಗಳ ರಾಶಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿಯ ಸ್ಥಿತಿ, ವಿಮೆ, ಬ್ಯಾಂಕಿನ ಹೈಪೋಥಿಕೇಶನ್ ನೋಡಿಕೊಳ್ಳಿ. ಕೆಎ 27 ಗಾಡಿಯಾದರೆ ಹಾವೇರಿ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿಮಾ ಹಣ ಪಡೆದ ಕೆಲ ಮಾಲೀಕರು ಆರ್‌ಟಿಒಗೆ ತಿಳಿಸದೆ ನುಜ್ಜುಗುಜ್ಜಾದ ಗಾಡಿಯನ್ನು ಆರ್‌ಸಿ ಸಮೇತ ಗುಜರಿಗೆ ಕೊಡುತ್ತಾರೆ. ಕಳ್ಳರಿಗೆ ಬೇಕಾದದ್ದು ತಗಡಲ್ಲ, ಆ ಆರ್‌ಸಿ. ಅದೇ ಮಾಡೆಲ್, ಅದೇ ಬಣ್ಣದ ಕಾರು ಕದ್ದು, ಅದರ ಮೇಲೆ ಹಳೆಯ ಗಾಡಿಯ ಚಾಸಿ ನಂಬರ್ ಕೊರೆದು ಮಾರುವ ಜಾಲಗಳನ್ನು ಪೊಲೀಸರು ಹಲವು ರಾಜ್ಯಗಳಲ್ಲಿ ಬಯಲಿಗೆಳೆದಿದ್ದಾರೆ. ಗಾಡಿ ಜಪ್ತಿಯಾದರೆ ಕೊಟ್ಟ ದುಡ್ಡೂ ಹೋಯಿತು. ಕಳವಿನದೆಂದು ಗೊತ್ತಿದ್ದೇ ಕೊಂಡಿದ್ದೀರಿ ಎಂದಾದರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಅಡಿ ಕೇಸೂ ಬೀಳುತ್ತದೆ.

ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಬರುವುದಿಲ್ಲ. ಮಾರುತಿ ಸುಜುಕಿಯದ್ದು ಸಾಮಾನ್ಯವಾಗಿ ಎಂಎ3, ಹುಂಡೈಯದ್ದು ಎಂಎಎಲ್, ಟಾಟಾದ್ದು ಎಂಎಟಿ, ಮಹೀಂದ್ರದ್ದು ಎಂಎ1 ಎಂದು ಶುರುವಾಗುತ್ತದೆ. ಕೆತ್ತಿದ ಜಾಗಕ್ಕೆ ಟಾರ್ಚ್ ಬಿಡಿ. ಅಕ್ಷರಗಳ ಸಾಲು ಸೊಟ್ಟಗಿದೆಯೇ, ಸುತ್ತ ಗ್ರೈಂಡಿಂಗ್ ಗೀರುಗಳಿವೆಯೇ, ಅಷ್ಟೇ ಜಾಗಕ್ಕೆ ಬೇರೆ ಬಣ್ಣ ಬಿದ್ದಿದೆಯೇ, ಬೆರಳಾಡಿಸಿದರೆ ವೆಲ್ಡಿಂಗಿನ ಗಂಟು ಸಿಗುತ್ತದೆಯೇ? ಎಂಜಿನ್ ನಂಬರನ್ನೂ ಆರ್‌ಸಿಯ ಜೊತೆ ತಾಳೆ ಮಾಡಿ.

ಆಮೇಲೆ ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನೊಡನೆ ಖುದ್ದಾಗಿ ಮಾತಾಡಿ. ಟಿಎಲ್ ಗಾಡಿಗಳು ಮೂರು ನಾಲ್ಕು ಕೈ ದಾಟಿ ಬರುತ್ತವೆ. ಮೊದಲ ಮಾಲೀಕ ಸಹಿ ಹಾಕಿದ ಖಾಲಿ ಫಾರ್ಮ್ 29, 30 ಮಾತ್ರ ಕೈಯಿಂದ ಕೈಗೆ ಹೋಗುತ್ತಿರುತ್ತವೆ. ನಡುವಿನವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಮಾಲೀಕ ಸಿಗದಿದ್ದರೆ ವ್ಯವಹಾರ ಬೇಡ. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ ಬೇರೆ. ಆ ಖರ್ಚನ್ನು ಬ್ರೋಕರ್ ಬಾಯಿ ಬಿಟ್ಟು ಹೇಳುವುದಿಲ್ಲ.

ಗಾಡಿ ನೋಡುವ ಬಗೆ

ಜೊತೆಗೊಬ್ಬ ಟಿಂಕರಿಂಗ್ ಬಲ್ಲವನಿರಲಿ. ಎಂಜಿನ್ ಮೆಕ್ಯಾನಿಕ್‌ಗಿಂತ ಇಲ್ಲಿ ಅವನ ಕಣ್ಣೇ ಮುಖ್ಯ. ಬಾಗಿಲ ರಬ್ಬರ್ ಬೀಡಿಂಗ್ ಎಳೆದು ಪಿಲ್ಲರ್ ನೋಡಿದರೆ ಕಾರ್ಖಾನೆಯ ಸ್ಪಾಟ್ ವೆಲ್ಡುಗಳು ದುಂಡಗೆ, ಸಮ ಅಂತರದಲ್ಲಿ ಕಾಣುತ್ತವೆ. ಗ್ಯಾರೇಜಿನ ವೆಲ್ಡ್ ಉದ್ದ ಗೆರೆಯಾಗಿ ಉಬ್ಬಿರುತ್ತದೆ. ಬಾಗಿಲು, ಬಾನೆಟ್ ಬದಲಾಗಿದ್ದರೆ ಚೌಕಾಸಿಗೆ ಒಳ್ಳೆಯ ಕಾರಣ, ಅಷ್ಟೇ. ಪಿಲ್ಲರ್, ಮುಂದಿನ ಚಾಸಿ ತೊಲೆ, ನೆಲದ ತಗಡು ಕತ್ತರಿಸಿ ಜೋಡಿಸಿದ್ದರೆ ಅದು ‘ಎಸ್’ ಗುಂಪಿನದು. ಮತ್ತೊಮ್ಮೆ ಗುದ್ದಿದಾಗ ಆ ಜೋಡಣೆ ಒಳಗಿದ್ದವರನ್ನು ಕಾಯುತ್ತದೆಂದು ನಂಬಲಾಗದು. ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡಿ.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಣದಲ್ಲೋ ಮಣ್ಣಿನ ಬಯಲಲ್ಲೋ ಒಂದಿಷ್ಟು ನೀರು ಚಿಮುಕಿಸಿ, ಸ್ಟೀರಿಂಗ್ ನೇರ ಹಿಡಿದು ಗಾಡಿಯನ್ನು ನಿಧಾನ ಮುಂದಕ್ಕೆ ಬಿಡಿ. ಎರಡೂ ಬದಿಯಲ್ಲಿ ಹಿಂದಿನ ಗಾಲಿಯ ಗುರುತು ಮುಂದಿನದರ ಜೊತೆ ಒಂದೇ ರೀತಿ ಕೂಡಬೇಕು. ಒಂದು ಬದಿಗೆ ಸರಿದಿದ್ದರೆ ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತಿದೆ, ಚಾಸಿ ಬಾಗಿದೆ. ಅದು ಅಲೈನ್‌ಮೆಂಟಿನಿಂದ ಸರಿಹೋಗುವುದಿಲ್ಲ.

ಏರ್‌ಬ್ಯಾಗ್ ದೀಪ ಕೀಲಿ ತಿರುಗಿಸಿದಾಗ ಹೊತ್ತಿ, ಕೆಲ ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬ್ ಕಿತ್ತಿದ್ದಾರೆ. ಆರುವಂತೆ ಕಳ್ಳ ವೈರಿಂಗ್ ಮಾಡುವವರೂ ಇರುವುದರಿಂದ ಸ್ಕ್ಯಾನರ್ ಹಾಕಿಸುವುದೇ ಲೇಸು. 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ ಆ ನಂತರದ ಕಾರುಗಳಲ್ಲಿ ಇದನ್ನು ಬಿಡಲೇಬೇಡಿ.

ಮುಳುಗಿದ ಗಾಡಿಯ ಕಥೆ ಬೇರೆ. 2019 ಮತ್ತು 2021ರಲ್ಲಿ ಕೊಲ್ಹಾಪುರದ ಬಳಿ ಇದೇ ರಾಷ್ಟ್ರೀಯ ಹೆದ್ದಾರಿ 48 ನೆರೆಗೆ ಬಂದ್ ಆಗಿತ್ತು. 2022ರಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಲ್ಲಿ ನಿಂತವು. ಇಂಥ ಗಾಡಿಯ ಮೈಯಲ್ಲಿ ಗೀರೂ ಇರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ; ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿಯ ಗುಂಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಹೆಡ್‌ಲೈಟಿನ ಒಳಗಿನ ಮಂಜು, ಕಾರ್ಪೆಟ್ ಎತ್ತಿದರೆ ಬರುವ ಕಮಟು ವಾಸನೆ ನೋಡಿ. ಹಳೆಯ ಕಾರಿನಲ್ಲಿ ಕಾರ್ಪೆಟ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಅನುಮಾನಿಸಿ. ನೀರು ಡ್ಯಾಶ್‌ಬೋರ್ಡ್ ಮುಟ್ಟಿದ್ದರೆ ವೈರಿಂಗ್ ಕನೆಕ್ಟರುಗಳು ತಿಂಗಳುಗಟ್ಟಲೆ ಆದಮೇಲೆ ಒಂದೊಂದಾಗಿ ಹಸಿರುಗಟ್ಟುತ್ತವೆ. ಯಾವ ಮೆಕ್ಯಾನಿಕ್ಕೂ ಅದಕ್ಕೆ ಗ್ಯಾರಂಟಿ ಕೊಡಲಾರ. ಗುದ್ದಿದ ಗಾಡಿ ಬೇಕಾದರೆ ನೋಡೋಣ, ಮುಳುಗಿದ್ದು ಬೇಡ ಎನ್ನುವವನು ನಾನು. ಸುಟ್ಟದ್ದಂತೂ ನೋಡಲಿಕ್ಕೂ ಹೋಗಬೇಡಿ.

ಲೆಕ್ಕ, ಹೆಸರು ಬದಲಾವಣೆ

ಅಪಘಾತವಾಗದ ಅದೇ ಮಾಡೆಲ್ ಹಾವೇರಿ, ದಾವಣಗೆರೆಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ಎಂದು ವಿಚಾರಿಸಿ. ಐದು ಲಕ್ಷವೆನ್ನಿ. ಮುಂದೆ ನೀವು ಮಾರುವಾಗ ಟಿಎಲ್ ಎಂದು ಹೇಳಿಯೇ ಮಾರಬೇಕಲ್ಲ, ಅದಕ್ಕೆ ಮೂರನೇ ಒಂದು ಭಾಗ ಕಳೆಯಿರಿ. ಉಳಿದ ಕೆಲಸ, ತೆರಿಗೆ, ವರ್ಗಾವಣೆ, ಟೈರು, ಬ್ಯಾಟರಿಗಾಗುವುದನ್ನೂ ಕಳೆಯಿರಿ. ಕೊನೆಗೆ ಉಳಿದ ಮೊತ್ತವೇ ನೀವು ಕೊಡಬಹುದಾದ ಗರಿಷ್ಠ ಬೆಲೆ. ಸಾಲ ಮಾಡಿ ಕೊಳ್ಳುವವರು ಅಡ್ವಾನ್ಸಿಗೆ ಮೊದಲೇ ಬ್ಯಾಂಕನ್ನು ಕೇಳಬೇಕು. ವಿಮಾ ಕಂಪನಿಯಿಂದಲೂ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ: ಗಾಡಿ ಪರಿಶೀಲಿಸಿ ಪೂರ್ಣ ಪಾಲಿಸಿ ಕೊಡುತ್ತೀರಾ, ಥರ್ಡ್ ಪಾರ್ಟಿ ಮಾತ್ರವಾ? ಥರ್ಡ್ ಪಾರ್ಟಿ ಮಾತ್ರ ಎಂದರೆ ಮುಂದಿನ ಅಪಘಾತದ ರಿಪೇರಿ ಪೂರ್ತಿ ನಿಮ್ಮ ಜೇಬಿನದು.

ಪೂರ್ತಿ ದುಡ್ಡು ಕೊಡುವುದು ಫಾರ್ಮ್ 29, 30 ಭರ್ತಿಯಾಗಿ, ಮಾಲೀಕ ನಿಮ್ಮೆದುರೇ ಸಹಿ ಹಾಕಿದ ಮೇಲೆ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಕೊಂಡವನು 30 ದಿನದೊಳಗೆ ಆರ್‌ಟಿಒಗೆ, 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಅಪಘಾತದಲ್ಲಿ ಪರಿಹಾರದ ಹೊಣೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಹೇಳಿದೆ. ಆ ಪ್ರಕರಣದ ಕಾರೂ ಹೆಸರು ಬದಲಾಗದೆ ಹಲವು ಕೈ ದಾಟಿತ್ತು. ಮಾರುವವನಿಗೆ ಈ ತೀರ್ಪನ್ನು ನೆನಪಿಸಿ, ವರ್ಗಾವಣೆಗೆ ಅವನೇ ಅವಸರ ಮಾಡುತ್ತಾನೆ.