ಮರದ ಕೆಳಗೆ ಕೂತ ಮಕ್ಕಳಿಗೂ ಪಿ.ಟಿ. ಪೀರಿಯಡ್ ಇದೆ

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಓಟದಲ್ಲಿ ಅವಳು ಯಾವಾಗಲೂ ಹಿಂದೆ. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಪಿ.ಟಿ. ಸರ್ ಚೆನ್ನಾಗಿ ಓಡುವ ಕೆಲವರಿಗೆ ಮಾತ್ರ ಅಭ್ಯಾಸ ಮಾಡಿಸುತ್ತಾರೆ, ಮಿಕ್ಕವರು ಮರದ ಕೆಳಗೆ ಕೂರುತ್ತಾರೆ. ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್. ಓದುವವರಿಗೆ ಅಥ್ಲೆಟಿಕ್ಸ್ ಮಾತ್ರ ಹೇಳಿಕೊಡುತ್ತಾರೆಯೇ? ಎಲ್ಲ ಮಕ್ಕಳ ಆರೋಗ್ಯದ ವಿಚಾರ ಇರುವುದಿಲ್ಲವೇ?
– ತಾಯಿಯೊಬ್ಬರು, ಹಾಸನ ಜಿಲ್ಲೆ

ಉತ್ತರ: ಇರುತ್ತದೆ. ಪದವಿಯ ನಂತರದ ಬಿ.ಪಿ.ಎಡ್. ಮೊದಲು ಒಂದು ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಂದ ಮೇಲೆ ಎರಡು ವರ್ಷವಾಯಿತು. ಅಂಗರಚನೆ, ಶರೀರಕ್ರಿಯೆ, ಆರೋಗ್ಯ ಶಿಕ್ಷಣ ಎಲ್ಲವೂ ಪಠ್ಯದಲ್ಲಿವೆ. ಆದರೆ ಓದಿದ್ದು ಶಾಲೆಯ ಮೈದಾನಕ್ಕೆ ಇಳಿಯುವ ಹೊತ್ತಿಗೆ ಪದಕದ ಕಡೆಗೆ ವಾಲಿಬಿಡುತ್ತದೆ.

ಅಥ್ಲೆಟಿಕ್ಸ್ ತರಬೇತಿಯನ್ನು ಹಗುರವಾಗಿ ಕಾಣಬೇಡಿ. ಟ್ರ್ಯಾಕ್ ಹಾಕುವ ಕೆಲಸವನ್ನೇ ನೋಡಿ. ಲೇನಿನ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತನ್ನು ಲೇನಿನಲ್ಲೇ ಓಡಿಸುವುದಾದರೆ ಎರಡನೇ ಲೇನಿನವರು 7.04 ಮೀಟರ್ ಮುಂದೆ ನಿಲ್ಲಬೇಕು. ಅಲ್ಲಿಂದಾಚೆ ಒಂದೊಂದು ಲೇನಿಗೂ ಮತ್ತೆ 7.67 ಮೀಟರ್. ಮೊದಲ ಲೇನನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಉಳಿದವನ್ನು 20 ಸೆಂಟಿಮೀಟರ್ ಬಿಟ್ಟು ಅಳೆಯುವುದರಿಂದ ಈ ವ್ಯತ್ಯಾಸ. ಹಗ್ಗ, ಟೇಪು, ಸುಣ್ಣದ ಪುಡಿ ಹಿಡಿದು ಬಿಸಿಲಲ್ಲಿ ಇದನ್ನು ತಪ್ಪಿಲ್ಲದೆ ಹಾಕುವ ಶಿಕ್ಷಕರ ಮೇಲೆ ನನಗೆ ತುಂಬ ಗೌರವ. ಗೆರೆ ತಪ್ಪಿದರೆ ಯಾವುದೋ ಮಗುವಿಗೆ ಅನ್ಯಾಯವಾಗುತ್ತದೆ.

ನನ್ನ ಬೇಸರ ಬೇರೆ ಕಡೆ ಇದೆ. ವೇಗ, ಚುರುಕುತನ, ಸ್ಫೋಟಕ ಬಲ, ಇವು ಆಟದ ಕೌಶಲಕ್ಕೆ ಬೇಕಾದವು. ಹುಟ್ಟಿನಿಂದ ಬಂದ ಪಾಲು ಇವುಗಳಲ್ಲಿ ದೊಡ್ಡದು. ಹೃದಯ-ಶ್ವಾಸಕೋಶಗಳ ತಾಳಿಕೆ, ಸ್ನಾಯುಗಳ ಬಲ, ಸ್ನಾಯುಗಳ ತಾಳಿಕೆ, ಮೈ ಬಾಗುವಿಕೆ, ದೇಹದಲ್ಲಿನ ಕೊಬ್ಬಿನ ಪ್ರಮಾಣ, ಈ ಐದು ಆರೋಗ್ಯಕ್ಕೆ ಸೇರಿದವು. ಅಭ್ಯಾಸ ಮಾಡಿದರೆ ಇವು ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಸುಧಾರಿಸುತ್ತವೆ. ಅಮೆರಿಕದಲ್ಲೂ 1950ರ ದಶಕದ ಶಾಲಾ ಪರೀಕ್ಷೆಯಲ್ಲಿ ಚೆಂಡೆಸೆತ, ಗಿಡ್ಡ ಓಟಗಳಂಥವೂ ಇದ್ದವು. ಆರೋಗ್ಯವನ್ನೇ ಅಳೆಯುವ ಪರೀಕ್ಷೆ ಬಂದದ್ದು 1980ರಲ್ಲಿ. ನಮ್ಮಲ್ಲಿ ಈಗ ಶಾಲಾ ಮಕ್ಕಳ ಖೇಲೋ ಇಂಡಿಯಾ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಎತ್ತರ-ತೂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಅರ್ಧ ಏಳುವ ಹೊಟ್ಟೆಯ ವ್ಯಾಯಾಮ, ಪುಷ್-ಅಪ್ ಇವೆ. ಪರೀಕ್ಷೆ ಚೆನ್ನಾಗಿದೆ. ಅಂಕಿಗಳನ್ನು ತುಂಬಿದ ಮೇಲೆ ಏನು ಮಾಡಬೇಕೆಂಬುದನ್ನು ಶಿಕ್ಷಕರಿಗೆ ಗಟ್ಟಿಯಾಗಿ ಕಲಿಸಬೇಕು.

600 ಮೀಟರನ್ನೇ ತೆಗೆದುಕೊಳ್ಳಿ. ಸೀಟಿ ಊದಿದ ಕೂಡಲೇ ಮಕ್ಕಳು ಪ್ರಾಣ ಬಿಟ್ಟು ಓಡುತ್ತಾರೆ. 200 ಮೀಟರ್ ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ. ‘ನನಗೆ ಓಡಲು ಬರುವುದಿಲ್ಲ’ ಎಂದು ಮನಸ್ಸಿಗೆ ಅಂಟಿಸಿಕೊಳ್ಳುವುದು ಆಗಲೇ. ಅವರಿಗೆ ಬರದಿರುವುದು ವೇಗವನ್ನು ಹಂಚಿಕೊಳ್ಳುವುದು. ಪಕ್ಕದವಳ ಜೊತೆ ಮಾತಾಡುತ್ತಾ ಓಡಬಹುದಾದಷ್ಟು ನಿಧಾನ ಮೊದಲು. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ವಾರ ಕಳೆದಂತೆ ನಡಿಗೆ ಕಡಿಮೆ. ನನ್ನನ್ನು ಕೇಳಿದರೆ, ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಭರ್ಜಿ ಎಸೆತದಷ್ಟೇ ಸಮಯ ಕೊಡಬೇಕು.

ಇಷ್ಟಾದರೂ ಏದುಸಿರು ಬಿಡುವ ಹುಡುಗಿಯನ್ನು ಕಂಡರೆ ‘ಸೋಮಾರಿ’ ಎನ್ನುವ ಮುಂಚೆ ರಕ್ತದ ನೆನಪಾಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪದು. ಎಷ್ಟು ಗದರಿದರೂ ಕಾಲು ಎದ್ದೇಳದು. ಮಗುವಿನ ಉಸಿರನ್ನು ವಾರ ವಾರವೂ ನೋಡುವವರು ಶಾಲೆಯಲ್ಲಿ ಪಿ.ಟಿ. ಶಿಕ್ಷಕರೊಬ್ಬರೇ. ಹೀಗಾಗಿ ಇದನ್ನು ಮೊದಲು ಗುರುತಿಸಬಲ್ಲವರೂ ಅವರೇ.

ಬೆಳವಣಿಗೆಯ ಲೆಕ್ಕವೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ ಹುಡುಗಿಯರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಸರ್ರನೆ ಉದ್ದವಾಗುತ್ತಾರೆ, ಆದರೆ ಎಲ್ಲರೂ ಒಟ್ಟಿಗಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರ ನಡುವೆ ದೇಹದ ಬೆಳವಣಿಗೆಯಲ್ಲಿ ಎರಡು ಮೂರು ವರ್ಷದ ಅಂತರ ಇರಬಹುದು. ಬೇಗ ಬೆಳೆದವನು ಗುಂಡು ಎಸೆತದಲ್ಲಿ ಗೆಲ್ಲುತ್ತಾನೆ. ಅದೇ ಪ್ರತಿಭೆ ಎಂದುಕೊಂಡು ಇನ್ನೊಬ್ಬನನ್ನು ಬಿಟ್ಟರೆ, ಮುಂದೆ ಅವನನ್ನೂ ಮೀರಿಸಬಹುದಾಗಿದ್ದ ಮಗು ಮೈದಾನದ ಕಡೆ ತಿರುಗಿಯೂ ನೋಡದು. ಎಲ್ಲರನ್ನೂ ಓಡಿಸಿದರೆ ಪದಕಕ್ಕೆ ನಷ್ಟ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಇನ್ನು ಪೀರಿಯಡ್ ನಡೆಸುವ ರೀತಿ. 40 ಮಕ್ಕಳು, ಉದ್ದ ಜಿಗಿತಕ್ಕೆ ಒಂದೇ ಮರಳುಗುಂಡಿ. ಸಾಲಿನಲ್ಲಿ ನಿಲ್ಲಿಸಿದರೆ ಒಂದು ಪೀರಿಯಡ್ಡಿನಲ್ಲಿ ಮಗುವಿಗೆ ಸಿಗುವುದು ಒಂದೆರಡು ಜಿಗಿತ. ಉಳಿದ ಹೊತ್ತೆಲ್ಲ ಕಾಯುವುದೇ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರೂಪಿಸಿದ ಮಕ್ಕಳ ಅಥ್ಲೆಟಿಕ್ಸ್ ಇದಕ್ಕೆ ಒಳ್ಳೆಯ ದಾರಿ. ಹುಡುಗರು ಹುಡುಗಿಯರು ಸೇರಿದ ತಂಡಗಳು, ಮೈದಾನದ ತುಂಬ ಬೇರೆ ಬೇರೆ ಚಟುವಟಿಕೆ, ಹಗುರ ಸಾಮಗ್ರಿ. ಎಂಟು ನಿಮಿಷದ ಓಟದಲ್ಲಿ ಪ್ರತಿ ಸುತ್ತಿಗೆ ಒಂದೊಂದು ಚೆಂಡು ಸಂಗ್ರಹ. ತಂಡದ ಒಟ್ಟು ಚೆಂಡುಗಳೇ ಅಂಕ. ನಿಧಾನಕ್ಕೆ ಓಡುವವಳ ಚೆಂಡೂ ಬುಟ್ಟಿಗೆ ಬೀಳುತ್ತದೆ, ಯಾರೂ ಔಟಾಗುವುದಿಲ್ಲ. ನಮ್ಮ ಶಿಕ್ಷಕರು ಇದನ್ನು ಓದಿದರಷ್ಟೇ ಸಾಲದು, ತರಬೇತಿಯಲ್ಲೇ 40 ಮಕ್ಕಳನ್ನು ಮುಂದಿಟ್ಟುಕೊಂಡು ಮಾಡಿಸಿ ನೋಡಿರಬೇಕು.

ಪಿ.ಟಿ. ಸರ್ ಮೇಲೂ ಹೊರೆ ಇದೆ. ಇಡೀ ಶಾಲೆಗೆ ಅವರೊಬ್ಬರೇ. ತಾಲ್ಲೂಕು, ಜಿಲ್ಲೆ ಅಂತ ಹೋಗಿ ಬಂದಾಗ ಎಲ್ಲರೂ ಕೇಳುವುದು ಎಷ್ಟು ಬಹುಮಾನ ಬಂತು ಎಂದೇ. ಹಾಗಾಗಿ ದೂರು ಹೊತ್ತು ಹೋಗಬೇಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಸರ್ ಅವರನ್ನು ಗೌರವದಿಂದ ಕೇಳಿ: ಜೂನ್‌ನಲ್ಲಿ ಪ್ರತಿ ಮಗು 600 ಮೀಟರ್ ಮುಗಿಸಿದ ಸಮಯ ಎಷ್ಟು, ಜನವರಿಯಲ್ಲಿ ಎಷ್ಟು ಎಂದು ಬರೆದಿಡಬಹುದೇ? ಅದನ್ನು ಬೇರೆ ಮಕ್ಕಳ ಮುಂದೆ ಓದದೆ ಆ ಮಗುವಿಗಷ್ಟೇ ತೋರಿಸಬಹುದೇ? ಮಗಳಿಗೆ ಬೇಗ ಸುಸ್ತಾಗುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ನುಂಗುತ್ತಿದ್ದಾಳೆಯೇ ವಿಚಾರಿಸಿ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಪೀರಿಯಡ್ಡಿನಿಂದ ಅಷ್ಟು ಸಿಗದು. ಸಂಜೆ ಅವಳ ಜೊತೆ ನೀವೂ ಹೆಜ್ಜೆ ಹಾಕಿ.