ಮೊದಲು ಹೊಗೆಗೆ ದಾರಿ, ಆಮೇಲೆ ಕಲ್ಲು ಕಪಾಟು

ನಮ್ಮ ಕೂಟಕ್ಕೆ ಹೊಸದಾಗಿ ಸೇರಿದ ಸಂಸಾರವೊಂದು ಇತ್ತೀಚೆಗೆ ಅಡುಗೆಮನೆ ಹೊಸದು ಮಾಡಿಸಿ ಎಲ್ಲರನ್ನೂ ಊಟಕ್ಕೆ ಕರೆದಿತ್ತು. ಬಿಳಿ ಕಪಾಟು, ಬಿಳಿ ಕ್ವಾರ್ಟ್ಜ್ ಕಟ್ಟೆ, ನೋಡಲು ಬಲು ಚೆಂದ. ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಒಣಮೆಣಸಿನಕಾಯಿಯ ಘಾಟಿಗೆ ಹಾಲ್‌ನಲ್ಲಿದ್ದ ಮಕ್ಕಳೆಲ್ಲ ಕೆಮ್ಮತೊಡಗಿದರು. ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಒಲೆಯ ಮೇಲಿನ ಫ್ಯಾನೇನೋ ಜೋರಾಗಿಯೇ ಓಡುತ್ತಿತ್ತು.

ಮೇಲಿನ ಕಪಾಟು ತೆರೆದು ನೋಡಿದಾಗ ವಿಷಯ ತಿಳಿಯಿತು. ಮೊದಲು ಆ ಜಾಗದಲ್ಲಿ ಹೊರಗೆ ಹೋಗುವ ತಗಡಿನ ಕೊಳವೆ ಇತ್ತಂತೆ. ಹೊಸ ಕಪಾಟು ಕೂರಿಸಿದವನು ಅದನ್ನು ಕಿತ್ತು, ಗೋಡೆಯ ತೂತು ಮುಚ್ಚಿ ಹೋಗಿದ್ದ. "ಡಬ್ಬಿ ಇಡೋಕೆ ಜಾಗ ಸಿಗುತ್ತೆ ಅಂದ್ರು ಆಂಟಿ" ಎಂದಳು ಆ ಮನೆಯ ಹುಡುಗಿ. ನನಗೆ ಕೋಪ ಬಂದದ್ದು ಅವಳ ಮೇಲಲ್ಲ. ದುಡ್ಡು ಎಣಿಸಿಕೊಂಡ ಮೇಲೂ, ಇನ್ನು ಹೊಗೆ ಹೊರಗೆ ಹೋಗದು ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳದವನ ಮೇಲೆ. ಈಗ ಹೊಸ ಕಪಾಟನ್ನೇ ಕೊರೆಯಬೇಕು.

ಬೇ ಏರಿಯಾದಲ್ಲಿ ಹಳೆಯ ಟೌನ್‌ಹೌಸ್ ಕೊಂಡು, ಉಳಿದ ಅಷ್ಟಿಷ್ಟು ದುಡ್ಡಿನಲ್ಲಿ ಅಡುಗೆಮನೆ ಸರಿಮಾಡಿಸಲು ಹೊರಟಿರುವವರು ದಯವಿಟ್ಟು ಇಷ್ಟನ್ನು ಕೇಳಿ. ಒಲೆಯ ಮೇಲೆ ಕೂರಿಸುವ ಮೈಕ್ರೋವೇವ್‌ಗಳಲ್ಲಿ ಹೆಚ್ಚಿನವು ಎರಡು ರೀತಿ ಕೆಲಸ ಮಾಡುತ್ತವೆ. ಕೊಳವೆಗೆ ಜೋಡಿಸಿದರೆ ಹೊಗೆ ಮನೆಯಿಂದ ಹೊರಗೆ ಹೋಗುತ್ತದೆ. ಜೋಡಿಸದಿದ್ದರೆ ಅದೇ ಗಾಳಿ ಇದ್ದಿಲಿನ ಫಿಲ್ಟರಿನ ಮೂಲಕ ಹಾದು ಮತ್ತೆ ನಿಮ್ಮ ಮುಖಕ್ಕೇ ಬರುತ್ತದೆ. ಜಾಲರಿ ಒಂದಿಷ್ಟು ಜಿಡ್ಡು ಹಿಡಿಯುತ್ತದೆ, ಇದ್ದಿಲು ಒಂದಿಷ್ಟು ವಾಸನೆ ಹೀರುತ್ತದೆ, ಅಷ್ಟೆ. ಕುಕ್ಕರಿನ ಹಬೆ, ಗ್ಯಾಸ್ ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಎಲ್ಲ ಮನೆಯೊಳಗೇ ಉಳಿಯುತ್ತವೆ. ಇಂಥ ಮೈಕ್ರೋವೇವ್‌ಗಳು ಸಾಮಾನ್ಯವಾಗಿ ಒಳಗೇ ಗಾಳಿ ಬಿಡುವ ಹಾಗೆ ಹೊಂದಿಸಿಯೇ ಕಾರ್ಖಾನೆಯಿಂದ ಬರುತ್ತವೆ. ಗೋಡೆಯಲ್ಲಿ ಕೊಳವೆ ಇದ್ದರೂ, ಕೂರಿಸುವವನು ಒಳಗಿನ ಬ್ಲೋವರನ್ನು ತಿರುಗಿಸಿ ಜೋಡಿಸದಿದ್ದರೆ ಆ ಕೊಳವೆ ಇದ್ದೂ ಇಲ್ಲದ ಹಾಗೆ.

ನಿಮ್ಮ ಮನೆಯಲ್ಲಿ ಹೇಗಿದೆ ಎಂದು ಇವತ್ತೇ ನೋಡಿಕೊಳ್ಳಿ. ಫ್ಯಾನ್ ಜೋರು ಮಾಡಿ, ಮೈಕ್ರೋವೇವ್ ಬಾಗಿಲಿನ ಮೇಲಿರುವ ಸೀಳುಗಳ ಮುಂದೆ ಟಿಶ್ಯೂ ಹಾಳೆಯೊಂದನ್ನು ಹಿಡಿಯಿರಿ. ಹಾಳೆ ನಿಮ್ಮ ಕಡೆಗೆ ಹಾರಿದರೆ ಗಾಳಿ ಒಳಗೇ ಸುತ್ತುತ್ತಿದೆ. ಹಾರದಿದ್ದರೆ ಹೊರಗೆ ಹೋಗಿ ಗೋಡೆಯನ್ನೋ ಸೂರನ್ನೋ ನೋಡಿ. ಫ್ಯಾನ್ ಓಡುವಾಗ ಅಲ್ಲಿಯ ಮುಚ್ಚಳ ತೆರೆದುಕೊಳ್ಳಬೇಕು.

ಹೊಸದಾಗಿ ಕೊಳವೆ ಹಾಕಿಸುವುದಾದರೆ ಒಳಮೈ ನುಣುಪಾಗಿರುವ ತಗಡಿನದ್ದೇ ಹಾಕಿಸಿ. ಮಡಿಕೆ ಮಡಿಕೆಯಾಗಿ ಬಾಗುವ ಕೊಳವೆಯಲ್ಲಿ ಗಾಳಿಗೆ ತಡೆಯಾಗುತ್ತದೆ, ಜಿಡ್ಡು ಕೂರುತ್ತದೆ. ದಾರಿ ಗಿಡ್ಡವಾಗಿರಲಿ, ತಿರುವು ಕಡಿಮೆ ಇರಲಿ. ಅಟ್ಟದೊಳಗೆ ಬಿಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ, ಒಪ್ಪಬೇಡಿ. ಕೊಳವೆಯ ಬಾಯಿ ಬಯಲಿಗೇ ತೆರೆಯಬೇಕು. ಟೌನ್‌ಹೌಸ್‌ನ ಹೊರಗೋಡೆ ಎಷ್ಟೋ ಕಡೆ ನಿಮ್ಮದಲ್ಲ, ಮನೆಮಾಲೀಕರ ಸಂಘಕ್ಕೆ (ಎಚ್‌ಒಎ) ಸೇರಿದ್ದು. ತೂತು ಕೊರೆಯುವ ಮೊದಲು ಅವರ ಒಪ್ಪಿಗೆ ಕಾಗದದ ಮೇಲೆ ಇರಲಿ. ಬಾಡಿಗೆ ಮನೆಯವರು ಕಿಟಕಿ ತೆರೆದು, ಒಗ್ಗರಣೆಯನ್ನು ಹಿಂದಿನ ಬರ್ನರಿನ ಮೇಲೆ ಹಾಕಿ. ಮುಂದಿನ ಬರ್ನರಿಗಿಂತ ಹಿಂದಿನದರ ಹೊಗೆಯನ್ನೇ ಹುಡ್ ಚೆನ್ನಾಗಿ ಎಳೆದುಕೊಳ್ಳುತ್ತದೆ ಎಂದು ನಮ್ಮ ಪಕ್ಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರೇ ಅಳೆದು ನೋಡಿದ್ದಾರೆ.

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಸೌದೆ ಒಲೆಯ ನೇರಕ್ಕೆ ಮಾಡಿನಲ್ಲೊಂದು ಗವಾಕ್ಷಿ ಇತ್ತು. ಕಪಾಟಿಲ್ಲ, ಕಲ್ಲಿನ ಕಟ್ಟೆಯಿಲ್ಲ, ಆದರೂ ಹೊಗೆಗೊಂದು ದಾರಿ ಬಿಟ್ಟೇ ಮನೆ ಕಟ್ಟುತ್ತಿದ್ದರು. ದಿನಕ್ಕೆರಡು ಒಗ್ಗರಣೆ ಬೀಳುವ ಮನೆಗೆ ಅದು ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿಯ ಕಂಟ್ರಾಕ್ಟರಿಗೆ ನಮ್ಮ ಅಡುಗೆ ಗೊತ್ತಿಲ್ಲ, ನಾವೇ ಹೇಳಬೇಕು.

ಇದಕ್ಕೆ ದುಡ್ಡು ಎಲ್ಲಿಂದ ಎಂದರೆ, ಉಳಿಸುವ ದಾರಿಗಳಿವೆ. ಸಿಂಕು, ಒಲೆ ಇದ್ದಲ್ಲೇ ಇರಲಿ. ಅವನ್ನು ಸರಿಸಿದರೆ ನೀರಿನ ಪೈಪು, ಗ್ಯಾಸ್ ಲೈನು, ಪರ್ಮಿಟ್ಟು ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಕಪಾಟಿನ ಮೈ ಗಟ್ಟಿಯಿದ್ದರೆ ಬಣ್ಣ ಹೊಡೆಸಿ, ಹಿಡಿ ಬದಲಿಸಿ ಸಾಕು. ಮನೆ 1978ಕ್ಕಿಂತ ಹಳೆಯದಾದರೆ ಮಾತ್ರ ಹಳೆಯ ಬಣ್ಣವನ್ನು ನೀವಾಗಿ ಉಜ್ಜಲು ಹೋಗಬೇಡಿ, ಅದರಲ್ಲಿ ಸೀಸ ಇರಬಹುದು. ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯ ರಿಸ್ಟೋರ್ ಅಂಗಡಿಗಳಲ್ಲಿ ಬೇರೆಯವರು ತೆಗೆಸಿದ ಒಳ್ಳೆಯ ಕಪಾಟುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕಟ್ಟೆ ಚಿಕ್ಕದಾದರೆ ಕಲ್ಲಿನಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿ. ಬಿಳಿಯನ್ನೇ ಆರಿಸುವುದಾದರೆ ಅರಿಸಿನ ನೆನಪಿರಲಿ. ಕ್ವಾರ್ಟ್ಜ್‌ನಲ್ಲಿ ರಾಳ ಬೆರೆತಿರುವುದರಿಂದ ಕಾದ ಬಾಣಲೆಯನ್ನು ನೇರವಾಗಿ ಅದರ ಮೇಲೆ ಇಟ್ಟರೆ ಕಲೆ ಬೀಳುತ್ತದೆ.

ದುಡ್ಡು ಕೊಡುವ ವಿಷಯ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮನೆ ರಿಪೇರಿಗೆ ಕಂಟ್ರಾಕ್ಟರ್ ಕೇಳಬಹುದಾದ ಮುಂಗಡ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೆ. ಅರ್ಧ ದುಡ್ಡು ಮೊದಲೇ ಕೊಡಿ ಎನ್ನುವವನಿಗೆ ಅಲ್ಲೇ ನಮಸ್ಕಾರ ಹೇಳಿ. ಅವನ ಲೈಸೆನ್ಸ್ ಸಂಖ್ಯೆಯನ್ನು ರಾಜ್ಯದ ಕಂಟ್ರಾಕ್ಟರ್ಸ್ ಲೈಸೆನ್ಸ್ ಬೋರ್ಡ್‌ನಲ್ಲಿ ಪರಿಶೀಲಿಸಿ, ಅದಕ್ಕೆ ಕಾಸು ಖರ್ಚಿಲ್ಲ. ಕೊನೆಯ ಕಂತು ಕೊಡುವಾಗ ಕೆಲಸಗಾರರಿಗೂ ಸಾಮಾನು ಕೊಟ್ಟವರಿಗೂ ದುಡ್ಡು ಸಂದಿದೆ ಎಂಬ ಬಿಡುಗಡೆ ಪತ್ರ ಪಡೆಯಿರಿ. ನೀವು ಪೂರ್ತಿ ಕೊಟ್ಟಿದ್ದರೂ ಅವನು ಅವರಿಗೆ ಕೊಡದಿದ್ದರೆ, ಅವರು ನಿಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು.

ಒಪ್ಪಂದದ ಕಾಗದದಲ್ಲಿ ಬಾಗಿಲಿನ ಹಿಡಿಯ ಬಣ್ಣದವರೆಗೂ ಬರೆದಿರುತ್ತಾರೆ. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಒಲೆಯ ಮೇಲಿನ ಗಾಳಿ ಕೊಳವೆಯ ಮೂಲಕ ಮನೆಯ ಹೊರಗೆ ಹೋಗಬೇಕು. ಅದಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಹೇಗೆ ಕೇಳುವುದು ಎಂದು ಸಂಕೋಚವಾದರೆ ಕೂಟದಲ್ಲಿ ಹಿರಿಯರು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ, ಖಂಡಿತ ಬರುತ್ತೇವೆ.